ದ್ರೌಪದಿಗೆ ಕಣ್ಣೀರು, ಇಂದಿನ ಮಕ್ಕಳಿಗೆ ಆಕ್ಷೇಪವೇ?

ಮಾನ್ಯ ಸಂಪಾದಕರೇ,

ಲೈಂಗಿಕ ದೌರ್ಜನ್ಯ ಕುರಿತು ಶಿವಮೊಗ್ಗದ ರಂಗಮಂದಿರದಲ್ಲಿ ಆಡಿದ ಭಾನುವಾರದ ನಾಟಕ ‘ಪ್ರೇಕ್ಷಕರ ವಿರೋಧದಿಂದ’ ಅರ್ಧಕ್ಕೆ ನಿಂತಿತು ಎಂದು ನಿಮ್ಮ ವರದಿ ಹೇಳುತ್ತದೆ. ಯಾವ ಪ್ರೇಕ್ಷಕರು ಸ್ವಾಮಿ? ನಾನೂ ಅಲ್ಲೇ ಕುಳಿತಿದ್ದೆ. ಎದ್ದು ಕೂಗಿದವರು ಗಣ್ಯರಿಗೆಂದು ಕಾದಿರಿಸಿದ ಕುರ್ಚಿಗಳಲ್ಲಿದ್ದ ನಾಲ್ಕೈದು ಮಂದಿ. ಟಿಕೆಟ್ ಕೊಂಡು ಹಿಂದೆ ಕುಳಿತಿದ್ದ ಹೆಂಗಸರು, ಕಾಲೇಜು ಹುಡುಗಿಯರು ‘ನಾಟಕ ಮುಂದುವರಿಸಿ’ ಎಂದು ಅವರಿಗಿಂತ ಜೋರಾಗಿಯೇ ಕೂಗಿದರು. ಅದು ವರದಿಗಾರರ ಕಿವಿಗೆ ಬೀಳಲಿಲ್ಲ. ರಂಗಮಂದಿರದ ವ್ಯವಸ್ಥಾಪಕರ ಕಿವಿಗೂ ಬೀಳಲಿಲ್ಲ. ಅವರು ಯಾರಿಗೋ ಫೋನ್ ಮಾಡಿ ಬಂದು ವೇದಿಕೆಯ ದೀಪ ಆರಿಸಿ, ‘ಇದು ಸಂಸಾರಸ್ಥರು ನೋಡುವ ನಾಟಕವಲ್ಲ’ ಎಂದು ಘೋಷಿಸಿದರು. ಸಂಸಾರಸ್ಥರಾದ ನಮ್ಮನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಗೊಣಗಾಟ ಶುರುವಾದದ್ದು ಆಸ್ಪತ್ರೆಯ ದೃಶ್ಯದಲ್ಲಿ. ಅತ್ಯಾಚಾರಕ್ಕೆ ಒಳಗಾದ ಹುಡುಗಿಗೆ, ಮೊದಲೇ ಲೈಂಗಿಕ ಸಂಬಂಧವಿತ್ತೇ ಎಂದು ದೇಹದೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡುವ ವಿಷಯ ಬಂದ ಕೂಡಲೇ ಮುಂದಿನ ಸಾಲಿನಿಂದ ‘ಅಶ್ಲೀಲ’ ಎಂಬ ಮಾತು ಕೇಳಿತು. ಆ ಪರೀಕ್ಷೆ ನಡೆಸುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲೇ ಹೇಳಿದೆ. ನ್ಯಾಯಾಲಯದ ತೀರ್ಪಿನಲ್ಲಿ ಬರೆಯಬಹುದಾದದ್ದನ್ನು ಶಿವಮೊಗ್ಗದ ವೇದಿಕೆಯಲ್ಲಿ ಆಡಬಾರದೇ?

ಆದರೆ ನಾಟಕ ನಿಂತದ್ದು ಅಲ್ಲಿಯೂ ಅಲ್ಲ. ಅಡಿಕೆ ಕೊಯ್ಲಿನ ಚಪ್ಪರದ ದೃಶ್ಯದಲ್ಲಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತ ಅಜ್ಜಿ. ಹೈಸ್ಕೂಲು ಓದುವ ಮೊಮ್ಮಗ, ನೆಂಟರ ಪೈಕಿ ಹಿರಿಯನೊಬ್ಬ ತನಗೆ ಏನು ಮಾಡಿದ ಎಂದು ಹೇಳಲು ತಡವರಿಸುತ್ತಿದ್ದಾನೆ. ಆಗ ಮುಂದಿನ ಸಾಲಿನವರು ನಕ್ಕರು. ‘ಗಂಡು ಹುಡುಗನಿಗೆ ಏನಾಗುತ್ತದಂತೆ’ ಎಂದು ಒಬ್ಬರು ದೊಡ್ಡದಾಗಿಯೇ ಕೇಳಿದರು. ಹುಡುಗ ಪಾತ್ರ ಬಿಡದೆ ಆ ಮಾತನ್ನು ಪೂರ್ತಿ ಹೇಳಿದ. ನಕ್ಕವರೇ ಎದ್ದು ನಿಂತು ನಿಲ್ಲಿಸಿ ಎಂದರು. ಆ ಅಜ್ಜಿ ಏನು ಉತ್ತರ ಕೊಟ್ಟಳೋ ನನಗೆ ಇಂದಿಗೂ ತಿಳಿದಿಲ್ಲ. ನಾನೂ ಒಬ್ಬ ಅಜ್ಜಿ. ಅದನ್ನು ಕೇಳಬೇಕಾದ ಅಗತ್ಯ ನನಗಿತ್ತು.

ಗಂಡು ಮಕ್ಕಳಿಗೆ ಏನೂ ಆಗುವುದಿಲ್ಲ ಎನ್ನುವವರು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯನ್ನು ಒಮ್ಮೆ ಓದಲಿ. ಹದಿನೆಂಟು ತುಂಬದ ಎಲ್ಲ ಮಕ್ಕಳೂ, ಗಂಡಾಗಲಿ ಹೆಣ್ಣಾಗಲಿ, ಅದರ ರಕ್ಷಣೆಯಲ್ಲಿದ್ದಾರೆ. ಹದಿನೆಂಟು ದಾಟಿದ ಗಂಡಿಗೆ ಮಾತ್ರ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ ಅತ್ಯಾಚಾರದ ಕಲಮಿನಲ್ಲಿ ಜಾಗವಿಲ್ಲ. ಗಂಡಸಿನ ಮೇಲಿನ ಬಲಾತ್ಕಾರಕ್ಕೂ ಅನ್ವಯಿಸುತ್ತಿದ್ದ ಹಳೆಯ ದಂಡ ಸಂಹಿತೆಯ 377ನೇ ಕಲಮೂ ಹೊಸದರಲ್ಲಿಲ್ಲ. ಕಾನೂನೇ ಕೈಬಿಟ್ಟ ಮಾತನ್ನು ನಾಟಕದವರಾದರೂ ಎತ್ತಿಕೊಂಡರಲ್ಲ ಎಂದು ನನಗೆ ಸಮಾಧಾನವಾಗಿತ್ತು.

ನಮ್ಮ ಮಲೆನಾಡಿನಲ್ಲಿ ದ್ರೌಪದಿ ವಸ್ತ್ರಾಪಹರಣ ನೋಡದ ಊರು ಯಾವುದಿದೆ? ಕೀಚಕ ಸೈರಂಧ್ರಿಯನ್ನು ಅಟ್ಟಿಸಿಕೊಂಡು ಬರುವುದನ್ನು ಬಯಲಾಟದಲ್ಲಿ, ಮಡಿಲಲ್ಲಿ ಮಕ್ಕಳನ್ನು ಮಲಗಿಸಿಕೊಂಡು, ಬೆಳಗಿನವರೆಗೆ ನೋಡಿದ್ದೇವೆ. ವೇಷ ಕಟ್ಟುವ ಚೌಕಿಗೆ ನುಗ್ಗಿ ಆಟ ನಿಲ್ಲಿಸಿದವರನ್ನು ನಾನು ಕಂಡಿಲ್ಲ. ಗಂಡಸು ಸೀರೆ ಉಟ್ಟು ದ್ರೌಪದಿಯಾಗಿ ಗೋಳಾಡಿದರೆ ನಮಗೆಲ್ಲ ಕಣ್ಣೀರು. ಹುಡುಗನೊಬ್ಬ ತನ್ನದೇ ಅಂಗಿ ಚಡ್ಡಿಯಲ್ಲಿ ನಿಂತು ತನ್ನ ನೋವು ಹೇಳಿದರೆ ನಗು. ತಪ್ಪು ಮಾಡಿದವನು ಕಿರೀಟ ಹಾಕಿದ್ದರೆ ಅದು ಪುರಾಣ, ಪಂಚೆ ಉಟ್ಟ ಪಕ್ಕದ ಮನೆಯವನಾದರೆ ಊರಿಗೆ ಅವಮಾನ!

ಇದು ನಡೆದದ್ದಾದರೂ ಯಾವ ಜಿಲ್ಲೆಯಲ್ಲಿ? 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಕಟ್ಟಿದ ಜಿಲ್ಲೆಯಲ್ಲಿ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹಾರ ಹಿಡಿದು ಸಂಭ್ರಮಿಸಿದ ಜಿಲ್ಲೆಯಲ್ಲಿ. ನಾಟಕಗಳನ್ನು ಹತ್ತಿಕ್ಕಲು ಬ್ರಿಟಿಷರು 1876ರಲ್ಲಿ ಮಾಡಿದ್ದ ಕಾಯ್ದೆಯನ್ನು ನಮ್ಮ ಸಂಸತ್ತೇ ರದ್ದು ಮಾಡಿದೆ. ನಮ್ಮ ರಂಗಮಂದಿರದಲ್ಲಿ ಅದು ಒಂದು ಫೋನ್ ಕರೆಯಲ್ಲಿ ಮರಳಿ ಜಾರಿಯಾಗುತ್ತದೆ.

ಈಗ ನಮ್ಮ ಪಾಡು ಕೇಳಿ. ಪಿಯುಸಿ ಓದುವ ಮೊಮ್ಮಗಳನ್ನು ಕರೆದುಕೊಂಡು ತೀರ್ಥಹಳ್ಳಿಯಿಂದ ಮಳೆಯಲ್ಲಿ ಬಂದಿದ್ದೆ. ಟಿಕೆಟ್ ಹಣ ಕೇಳಿದರೆ ‘ನಾಟಕ ಶುರುವಾಗಿತ್ತಲ್ಲ’ ಎಂದರು. ಗದ್ದಲ ಮುಗಿದು ಹೊರಗೆ ಬಂದಾಗ ಹಿಡಿಯಬೇಕಿದ್ದ ಬಸ್ಸು ಹೋಗಿತ್ತು. ಆಟೊದವರು ದುಪ್ಪಟ್ಟು ಕೇಳಿದರು. ನಿಲ್ದಾಣದಲ್ಲಿ ಸೋರದ ಜಾಗ ಹುಡುಕಿ ನಿಂತೆವು. ಕೊನೆಗೆ ಸಿಕ್ಕ ಬಸ್ಸಿನಲ್ಲಿ ಮಂಡಗದ್ದೆಯವರೆಗೂ ನಿಂತೇ ಪ್ರಯಾಣ. ಮನೆಯವರಿಗೆ ಹೇಳೋಣವೆಂದರೆ ದಾರಿಯುದ್ದಕ್ಕೂ ಮೊಬೈಲ್‌ಗೆ ಸಿಗ್ನಲ್ ಇಲ್ಲ.

ರಂಗಮಂದಿರದ ಮಹಿಳಾ ಶೌಚಾಲಯದ ಚಿಲಕ ಮುರಿದು ಎಷ್ಟು ಕಾಲವಾಯಿತು? ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲಬೇಕು. ಹೋದ ವರ್ಷ ನಾನೇ ಮನವಿ ಬರೆದುಕೊಟ್ಟಿದ್ದೆ. ‘ಕಡತ ಮೇಲಕ್ಕೆ ಹೋಗಿದೆ’ ಎಂಬ ಉತ್ತರ ಬಂತು. ಬಸ್ ನಿಲ್ದಾಣದ ದಾರಿಯ ಬೀದಿದೀಪಗಳೂ ಉರಿಯುವುದಿಲ್ಲ. ಹತ್ತು ಮಂದಿ ಕೆಲಸ ಮಾಡುವ ಕಡೆಯೆಲ್ಲ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರಲ್ಲೇ ಕಾನೂನು ಬಂದಿದೆ. ನಾನು ನಿವೃತ್ತಳಾದ ಶಾಲೆಯ ಗೋಡೆಯ ಮೇಲೆ ಆ ಸಮಿತಿಯ ಫಲಕದಲ್ಲಿದ್ದದ್ದು ಎಂದೋ ವರ್ಗವಾಗಿ ಹೋದವರ ಹೆಸರುಗಳು. ಇಂಥದ್ದನ್ನು ನೋಡಿಕೊಳ್ಳಬೇಕಾದ ಅಧಿಕಾರಿಗಳಿಗೆ ಯಾವ ನಾಟಕ ಸಭ್ಯ, ಯಾವುದು ಅಸಭ್ಯ ಎಂದು ತೀರ್ಮಾನಿಸಲು ಮಾತ್ರ ಪುರುಸೊತ್ತಿದೆ.

ಆ ನಾಟಕವನ್ನು ಅದೇ ರಂಗಮಂದಿರದಲ್ಲಿ ಮತ್ತೆ ಪೂರ್ತಿಯಾಗಿ ಆಡಿಸಬೇಕು. ದೀಪ ಆರಿಸಿದವರು ಕಲಾವಿದರ ಕ್ಷಮೆ ಕೇಳಬೇಕು, ಮುಖ್ಯವಾಗಿ ಆ ಹುಡುಗನ ಪಾತ್ರ ಮಾಡಿದವನ ಕ್ಷಮೆ. ಟಿಕೆಟ್ ಹಣ ವಾಪಸು ಕೊಡಲಿ, ಚಿಲಕ ಹಾಕಿಸಲಿ, ರಾತ್ರಿ ಬಸ್ಸು ಹೆಚ್ಚಿಸಲಿ. ವ್ಯವಸ್ಥಾಪಕರು ಮಾಡಿದ ಫೋನ್ ಎತ್ತಿದವರು ಯಾರು ಎಂದು ನೀವಾದರೂ ವಿಚಾರಿಸಿ ಬರೆಯಿರಿ. ಸಂಬಂಧಪಟ್ಟವರು ಏನಾದರೂ ಕ್ರಮ ಕೈಗೊಳ್ಳಲೇಬೇಕು. ಮಕ್ಕಳ ನೋವು ಕೇಳಿ ನಗುವವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಟ್ಟಿದ್ದಕ್ಕೆ ಇಲಾಖೆಯವರಿಗೆ ನಾಚಿಕೆಯಾಗಬೇಕು.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ