ಪುಟ್ಟಿಗೆ, ಆ ಸೊನ್ನೆಯ ಕುರಿತು

ಪ್ರೀತಿಯ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಹ್ಯಾಂಬರ್ಗಿನ ಮಿಕ್ಕ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಆಗಲೇ ಹೇಳಿದ್ದಳು. ಆದರೆ ಕಾಗದದ ಕೊನೆಯಲ್ಲಿ "ಮಾವ, ಮೂರು ವರ್ಷದಿಂದ ನಾನು ಅಳೆಯುತ್ತಿರುವುದು ಅತಿವಾಹಕತೆಯೇ ಅಲ್ಲದಿದ್ದರೆ?" ಎಂದು ಕೇಳಿದ್ದೀಯಲ್ಲ, ಆ ಸಾಲು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ನಿನ್ನ ಭಯಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ನೀನು ಅಳೆಯುವ, ಪೊಟ್ಯಾಸಿಯಂ ಬೆರೆತ ಫುಲರೀನ್ ಎಂಬ ಚೆಂಡಿನಾಕಾರದ ಇಂಗಾಲದ ಅಣುಗಳ ವಸ್ತು ತಾನಾಗಿ ಅತಿವಾಹಕವಾಗುವುದು, ಅಂದರೆ ವಿದ್ಯುತ್ತಿಗೆ ಚೂರೂ ತಡೆಯೊಡ್ಡದಂತಾಗುವುದು, ಸುಮಾರು ಮೈನಸ್ 253 ಡಿಗ್ರಿ ಸೆಲ್ಸಿಯಸ್, ಅಂದರೆ 20 ಕೆಲ್ವಿನ್‌ಗಿಂತ ಕೆಳಗೆ. ಅವಗೆಂಪು ಲೇಸರಿನ ಮಿಡಿತ ಬಿದ್ದ ಮೇಲೆ ಕೆಲವು ಪಿಕೋಸೆಕೆಂಡು (ಸೆಕೆಂಡಿನ ಲಕ್ಷಕೋಟಿಯ ಒಂದು ಪಾಲು) ಅದೇ ಲಕ್ಷಣಗಳು 100 ಕೆಲ್ವಿನ್‌ವರೆಗೂ ಕಾಣುತ್ತವೆಂದು ನಿಮ್ಮೂರಿನ ಆಂದ್ರೆಯಾ ಕವಲ್ಲೇರಿಯವರ ತಂಡ 2016ರಲ್ಲಿ ಪ್ರಕಟಿಸಿದಾಗ ನಾನು ಹುಡುಗನಂತೆ ಹಿಗ್ಗಿದ್ದೆ. ಆದರೆ ಲೇಸರು ಕೆರಳಿಸುವುದು ಮೇಲಿನ ತೆಳುಪದರವನ್ನು, ಅಳೆಯಲು ಬಳಸುವ ಟೆರಾಹರ್ಟ್ಸ್ ಅಲೆ (ಬೆಳಕಿನದೇ ಜಾತಿಯ, ಕಣ್ಣಿಗೆ ಕಾಣದ ಅಲೆ) ಇಳಿಯುವುದು ಅದಕ್ಕಿಂತ ಆಳಕ್ಕೆ. ಆ ಪದರದ ಸ್ವರೂಪವನ್ನು ನಾವೇ ಊಹಿಸಿಕೊಂಡು ಲೆಕ್ಕ ಹಾಕಬೇಕು. ಬೆಳಕು ಹೆಚ್ಚಿದಂತೆ ವಸ್ತುವಿನ ಪ್ರತಿಕ್ರಿಯೆ ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟರೆ, ಅದನ್ನು ಗಣಿಸದ ಲೆಕ್ಕದಲ್ಲಿ ಇಲ್ಲದ ಅತಿವಾಹಕತೆಯೂ ಕಾಣಿಸಬಹುದೆಂದು ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು 2023ರಲ್ಲಿ ಎತ್ತಿದ ಆಕ್ಷೇಪವೇ ನಿನ್ನನ್ನು ಕಾಡುತ್ತಿದೆ ಎಂದು ನನಗೆ ಅರ್ಥವಾಯಿತು.

1987ರಲ್ಲಿ ಊರೂರಿನ ಪ್ರಯೋಗಾಲಯಗಳಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡುಗಳನ್ನು ಅರೆದು ಸುಡುತ್ತಿದ್ದೆವು. ಗುಂಡಿಯಷ್ಟಗಲದ ಕಪ್ಪು ಬಿಲ್ಲೆಗೆ ಬೆಳ್ಳಿಯ ಲೇಪದಿಂದ ನಾಲ್ಕು ತಂತಿ ಅಂಟಿಸಿ, ದ್ರವ ಸಾರಜನಕದ ಹಬೆಯಲ್ಲಿ ಇಳಿಬಿಡುವುದು ನನ್ನ ಕೆಲಸ. ಆ ವಸ್ತು ಅತಿವಾಹಕವಾಗುವುದು ಸುಮಾರು 90 ಕೆಲ್ವಿನ್ನಿನಲ್ಲಿ. ಆದರೆ ಒಂದು ಸಂಜೆ, 150 ಕೆಲ್ವಿನ್ ಆಸುಪಾಸಿನಲ್ಲೇ ವೋಲ್ಟ್‌ಮೀಟರು ಸೊನ್ನೆಗಿಳಿಯಿತು, ವಿದ್ಯುತ್ತಿಗೆ ತಡೆಯೇ ಇಲ್ಲವೆಂಬಂತೆ. ನಾನು ಕೂಗಿಕೊಂಡು ಹೋಗಿ ಗುರುಗಳನ್ನು ಕರೆತಂದೆ. ನಾಲ್ಕನೆಯ ದಿನ ಭೂತಗನ್ನಡಿಯಲ್ಲಿ ನೋಡಿದರೆ ಲೇಪ ಚಳಿಗೆ ಬಿರಿದು, ವಿದ್ಯುತ್ ಹಾಯಿಸುವ ತಂತಿಯೇ ಬಿಟ್ಟುಕೊಂಡಿತ್ತು. ವಿದ್ಯುತ್ತೇ ಹರಿಯದಿದ್ದಾಗ ವೋಲ್ಟೇಜು ಸೊನ್ನೆಯಾಗದೆ ಇನ್ನೇನಾದೀತು?

ನಾನು ತಪ್ಪಿದ್ದು ಆ ತಂತಿಯಲ್ಲಲ್ಲ, ಪುಟ್ಟಿ. ಅದನ್ನು ಕಂಡ ಮೇಲೂ ನಾನು ಮೂರು ವಾರ ಬಾಯಿ ಬಿಡಲಿಲ್ಲ. ಅಷ್ಟೂ ದಿನ ನನಗಿಂತ ಕಿರಿಯನೊಬ್ಬ ಅದೇ ಸೊನ್ನೆಯನ್ನು ಮತ್ತೆ ಪಡೆಯಲು ರಾತ್ರಿಯೆಲ್ಲ ಕುಲುಮೆಯ ಮುಂದೆ ಕೂತು ಬಿಲ್ಲೆಯ ಮೇಲೆ ಬಿಲ್ಲೆ ಸುಟ್ಟ. ಅವನ ಬಾಡಿದ ಮುಖ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅದಕ್ಕೇ ಹೇಳುತ್ತೇನೆ: ಅಳೆಯುತ್ತಿರುವುದು ಅದಲ್ಲದಿದ್ದರೆ ಎಂಬ ಪ್ರಶ್ನೆಯನ್ನು ನನಗೆ ಬರೆದಂತೆಯೇ ನಿನ್ನ ಮಾರ್ಗದರ್ಶಕರ ಎದುರಿಗೂ ಇಡು. ನಿನ್ನ ಕೆಲಸದ ಒಳಹೊರಗು ತಿಳಿಯದ ನಾನು ಹೇಳುವುದು ಅಧಿಕಪ್ರಸಂಗವೆನಿಸಬಹುದು; ಆದರೂ ಲೇಸರಿನ ಬಲವನ್ನು ತೀರಾ ಕಡಿಮೆಯಿಂದ ಮೆಲ್ಲಮೆಲ್ಲನೆ ಏರಿಸುತ್ತ ಅಳೆದು, ಪ್ರತಿಕ್ರಿಯೆ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ, ನಿಲ್ಲುವುದಿಲ್ಲ ಎಂಬ ಎರಡೂ ಬಗೆಯ ಊಹೆಯಿಂದ ಲೆಕ್ಕ ಹಾಕಿ ನೋಡಬಾರದೇ? 2021ರಲ್ಲಿ ನಿಮ್ಮವರೇ ಆ ಸ್ಥಿತಿಯನ್ನು ಪಿಕೋಸೆಕೆಂಡಿನ ಸಾವಿರ ಪಟ್ಟಾದ ನ್ಯಾನೋಸೆಕೆಂಡುಗಳವರೆಗೆ ಹಿಗ್ಗಿಸಿ ವಿದ್ಯುತ್ತಿನ ತಡೆಯನ್ನೂ ಅಳೆದರು. 2024ರಲ್ಲಿ ಲೇಸರು ಬಿದ್ದ ಯಿಟ್ರಿಯಂ ಕ್ಯುಪ್ರೇಟ್ ಎಂಬ ತಾಮ್ರದ ಆಕ್ಸೈಡಿನಿಂದ ಕಾಂತಕ್ಷೇತ್ರ ಹೊರದಬ್ಬಲ್ಪಡುವುದನ್ನು, ಅಂದರೆ ಅತಿವಾಹಕದ ಇನ್ನೊಂದು ಗುರುತನ್ನು, ಪಕ್ಕದಲ್ಲಿಟ್ಟ ಹರಳೊಂದರ ಮೂಲಕ ಕಂಡರು. ನಾನು ಸುಟ್ಟ ಬಿಲ್ಲೆಯ ಬಂಧುವೇ ಅದು ಎಂದು ಓದುವಾಗ ಕಣ್ಣು ತುಂಬಿತು. ಇವು ಬೇರೆ ದಾರಿಯ ಸಾಕ್ಷ್ಯಗಳಾದ್ದರಿಂದ ನನಗೆ ಭರವಸೆಯಿದೆ, ಆದರೆ ನಿನ್ನ ಮಾದರಿಗೆ ಅವು ಉತ್ತರ ಕೊಡವು ಎಂಬುದನ್ನೂ ಬಲ್ಲೆ.

ರಾತ್ರಿಯೂಟ ಬಿಡಬೇಡ. ಆ ಅಳತೆ ಮುಗಿದ ದಿನ, ಉತ್ತರ ಹೌದಾಗಲಿ ಅಲ್ಲವಾಗಲಿ, ಇಲ್ಲಿ ಎಷ್ಟು ಹೊತ್ತಾಗಿದೆಯೆಂದು ನೋಡದೆ ಫೋನ್ ಮಾಡು.

ಇಂತಿ,
ನಿನ್ನ ಸೋದರಮಾವ