ವೆಂಗರ್‌ಗೆ ಮುಖಕ್ಕೆ ಹೇಳೋರು ಒಬ್ರಾದ್ರೂ ಇರಬೇಕಿತ್ತು

ಲೋ ಮಂಜು,

ಹೇಗಿದ್ದೀಯೋ, ಮನೇಲಿ ಎಲ್ಲಾ ಆರಾಮಾ? ನಿನ್ನ ಮೆಸೇಜ್‌ಗೆ ಫೋನಲ್ಲೇ ಉತ್ತರ ಕೊಡೋಣ ಅನ್ಕೊಂಡೆ, ಆದ್ರೆ ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬಿನ ಹಳೇ ಕೋಚ್ ಆರ್ಸೆನ್ ವೆಂಗರ್ ವಿಷಯ ಐದು ನಿಮಿಷಕ್ಕೆ ಮುಗಿಯೋದಲ್ಲ, ಅದಕ್ಕೇ ಕೂತು ಬರೀತಿದ್ದೀನಿ, ನಮ್ಮ ಹುಡುಗ್ರೂ ಓದ್ಲಿ ಅಂತ ಇಲ್ಲೇ ಹಾಕ್ತಿದ್ದೀನಿ. ಅಷ್ಟೆಲ್ಲಾ ಕೊಟ್ಟ ಮನುಷ್ಯನ್ನ ಕೆಲಸದಿಂದ ತೆಗೀರಿ ಅನ್ನೋಕೆ ಯಾರಿಗೂ ಹಕ್ಕಿರ್ಲಿಲ್ಲ, ಅವರಾಗೇ ಸಾಕು ಅನ್ನೋವರೆಗೂ ಆ ಕುರ್ಚಿ ಅವರದ್ದೇ ಅಂತ ಬರ್ದಿದ್ದೀಯ. ಇದನ್ನ ನಾನು ಒಪ್ಪಲ್ಲ ಕಣೋ. ನಿನ್ನಷ್ಟೇ ಪ್ರೀತಿ ನಂಗೂ ಇದೆ, ಆದ್ರೂ ಒಪ್ಪಲ್ಲ.

ಅವರು ಕೊಟ್ಟಿದ್ದೇನು ಅಂತ ನಿಂಗೆ ಹೊಸದಾಗಿ ಹೇಳಬೇಕಾ? 1996ರಲ್ಲಿ ಜಪಾನಿನ ನಗೋಯಾ ಟೀಮಿಂದ ಬಂದಾಗ ಲಂಡನ್ ಪೇಪರ್‌ನವ್ರು ಆರ್ಸೆನ್ ಅಂದ್ರೆ ಯಾರು ಅಂತ ಹೆಡ್ಡಿಂಗ್ ಹಾಕಿದ್ರು, ಮೊದಲ ಪೂರ್ತಿ ಸೀಸನ್‌ನಲ್ಲೇ ಇಂಗ್ಲೆಂಡಿನ ಲೀಗೂ, ಅಲ್ಲಿನ ನಾಕೌಟ್ ಟೂರ್ನಿ ಎಫ್‌ಎ ಕಪ್ಪೂ ಎರಡೂ ಆರ್ಸೆನಲ್‌ಗೆ ಬಂತು. 2003-04ರಲ್ಲಿ 38 ಮ್ಯಾಚಲ್ಲಿ 26 ಗೆಲುವು, 12 ಡ್ರಾ, ಸೋಲು ಅನ್ನೋದೇ ಇಲ್ಲ, ಒಟ್ಟು 49 ಲೀಗ್ ಮ್ಯಾಚ್ ಸೋಲದೇ ಹೋದ್ರು. ಇದು ಎಲ್ಲರಿಗೂ ಗೊತ್ತು. ನಂಗೆ ಇದಕ್ಕಿಂತ ದೊಡ್ಡದು ಅನ್ಸೋದು ಅದರ ನಂತರದ್ದು. ಸುಮಾರು 39 ಕೋಟಿ ಪೌಂಡ್ ಖರ್ಚಲ್ಲಿ ಹೊಸ ಸ್ಟೇಡಿಯಂ ಕಟ್ಟೋಕೆ ಹೊರಟಾಗ, ವೆಂಗರ್ ಐದು ವರ್ಷಕ್ಕೆ ಸೈನ್ ಮಾಡ್ಬೇಕು ಅಂತ ಬ್ಯಾಂಕ್‌ನವ್ರೇ ಕೇಳಿದ್ರಂತೆ, ಇದನ್ನ ಅವರೇ ಆಮೇಲೆ ಹೇಳ್ಕೊಂಡಿದ್ದಾರೆ. ಯೋಚ್ನೆ ಮಾಡು, ಒಬ್ಬ ಕೋಚ್ ಇರ್ತಾನೆ ಅನ್ನೋ ನಂಬಿಕೆ ಮೇಲೆ ಲೋನ್! ಆಮೇಲೆ ಆ ಸಾಲ ತೀರ್ಸೋಕೆ ಅಂತ ಹೆಚ್ಚುಕಮ್ಮಿ ಪ್ರತಿ ವರ್ಷ ಒಳ್ಳೇ ಆಟಗಾರರು ಹೋಗ್ತಾ ಇದ್ರು, 2007ರಲ್ಲಿ ಆನ್ರಿ, 2011ರಲ್ಲಿ ಫ್ಯಾಬ್ರೆಗಾಸ್ ಮತ್ತು ನಸ್ರಿ, 2012ರಲ್ಲಂತೂ ವ್ಯಾನ್ ಪರ್ಸಿಯನ್ನ ಮ್ಯಾಂಚೆಸ್ಟರ್ ಯುನೈಟೆಡ್‌ಗೇ ಮಾರಿದ್ರು, ಅವನು ಅಲ್ಲಿ ಹೋದ ಮೊದಲ ವರ್ಷವೇ ಲೀಗ್ ಗೆದ್ದ. ಆ ಕಡೆ ಚೆಲ್ಸಿಗೆ ರಷ್ಯಾದ ಸಾಹುಕಾರ ಅಬ್ರಮೊವಿಚ್ ದುಡ್ಡು, 2008ರಿಂದ ಮ್ಯಾಂಚೆಸ್ಟರ್ ಸಿಟಿಗೆ ಅಬುಧಾಬಿ ದುಡ್ಡು. ಇಷ್ಟರ ಮಧ್ಯೆಯೂ 20 ಸೀಸನ್ ಒಂದೇ ಸಮ ಟಾಪ್ ಫೋರ್ ಬಿಟ್ಟು ಕೆಳಗಿಳೀಲಿಲ್ಲ.

ನನ್ನ ಸಿಟ್ಟಿರೋದು ಇಲ್ಲೇ ಕಣೋ. ನಾಲ್ಕನೇ ಸ್ಥಾನ ಬಂತು ಅಂದ್ರೆ ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ ಚಾಂಪಿಯನ್ಸ್ ಲೀಗ್ ದುಡ್ಡು ಬಂತು, ಆ ದುಡ್ಡು ಬರ್ತಾ ಇದ್ದಷ್ಟು ದಿನ ಬೋರ್ಡಿಗೆ ವೆಂಗರ್ ಅಂದ್ರೆ ದೇವರು. ಫ್ಯಾನ್ಸ್ ಬೈಯೋದು ಓನರ್ ಕ್ರಾಂಕಿಯನ್ನಲ್ಲ, ಅವರು ಬಾಯೇ ಬಿಡ್ತಿರ್ಲಿಲ್ಲ, ಸೈಲೆಂಟ್ ಸ್ಟ್ಯಾನ್ ಅಂತಲೇ ಹೆಸರು. ಆಟಗಾರನ್ನ ಯಾಕೆ ಮಾರಿದ್ರಿ, ಟಿಕೆಟ್ ಯಾಕಿಷ್ಟು ರೇಟು, ಡಿಫೆಂಡರ್ ಯಾಕೆ ತಗೊಂಡಿಲ್ಲ ಅಂತ ಪ್ರತಿ ವಾರ ಪ್ರೆಸ್ ಮೀಟಲ್ಲಿ ಕೂತು ಉತ್ತರ ಕೊಡ್ತಿದ್ದೋರು ಈ ಒಬ್ಬ ಮನುಷ್ಯ. ಅವರ ಕೆಲಸ ಭದ್ರವಾಗಿದ್ದಿದ್ದು ಗೌರವದಿಂದ ಅಂತ ನೀನು ಅಂತೀಯ, ಲೆಕ್ಕದ ಪುಸ್ತಕದಿಂದ ಅಂತ ನಾನು ಅಂತೀನಿ.

ಇನ್ನೊಂದು ವಿಷ್ಯ ನಾವ್ಯಾರೂ ಜಾಸ್ತಿ ಮಾತಾಡಲ್ಲ, ಡೇವಿಡ್ ಡೀನ್. 1989ರಲ್ಲಿ ಆರ್ಸೆನಲ್ ಹಳೇ ಗ್ರೌಂಡ್ ಹೈಬರಿಗೆ ಮ್ಯಾಚ್ ನೋಡೋಕೆ ಬಂದಿದ್ದ ವೆಂಗರ್ ಪರಿಚಯ ಮಾಡ್ಕೊಂಡು, ಮುಂದೆ ಅವರನ್ನ ಕ್ಲಬ್ಬಿಗೆ ಕರ್ಕೊಂಡು ಬಂದೋರೇ ಇವ್ರು. ವೈಸ್ ಚೇರ್ಮನ್ನು, ಜೊತೆಗೆ ಗೆಳೆಯ. 2007ರ ಏಪ್ರಿಲಲ್ಲಿ ಬೋರ್ಡ್ ಜಗಳದಲ್ಲಿ ಡೀನ್ ಹೊರಗೆ ಹೋದ್ರು. ಆವತ್ತಿಂದ ಆ ಕ್ಲಬ್ಬಲ್ಲಿ ವೆಂಗರ್ ಎದುರು ಸಮಸಮ ಕೂತು ಇದು ತಪ್ಪು, ಈ ಹುಡುಗ ಬೇಡ, ಈ ರೀತಿ ಆಡಿದ್ರೆ ದೊಡ್ಡ ಟೀಮ್ ಎದುರು ಒದೆ ತಿಂತೀವಿ ಅಂತ ಹೇಳೋ ತಾಕತ್ತು ಯಾರಿಗಿತ್ತು ಹೇಳು? ವೆಂಗರ್ ತಾವೇ ಎಷ್ಟೋ ವರ್ಷದ ಮೇಲೆ ಹೇಳಿದ್ರು, 2007 ತಿರುವಿನ ವರ್ಷ, ಕ್ಲಬ್ಬಿಗೆ ನಿಷ್ಠೆಯಿಂದ ಇರಬೇಕಾ ಡೀನ್‌ಗಾ ಅಂತ ಒದ್ದಾಡಿದೆ, ಮಾಡಿದ್ದು ಸರಿಯಾ ಅಂತ ಈಗಲೂ ಯೋಚ್ನೆ ಬರುತ್ತೆ ಅಂತ. ರಿಯಲ್ ಮ್ಯಾಡ್ರಿಡ್ ಕರೀತು, ಪಿಎಸ್‌ಜಿ ಕರೀತು, ಹೋಗ್ಲಿಲ್ಲ.

ಆಮೇಲೆ ಆಗಿದ್ದೆಲ್ಲ ನಾವಿಬ್ರೂ ನೋಡಿದ್ದೇ. 2011ರಲ್ಲಿ ಯುನೈಟೆಡ್ ಗ್ರೌಂಡ್ ಓಲ್ಡ್ ಟ್ರಾಫರ್ಡಲ್ಲಿ 8-2 ಸೋಲು. 2014ರ ಮಾರ್ಚಲ್ಲಿ ಅವರ ಸಾವಿರನೇ ಮ್ಯಾಚು, ಚೆಲ್ಸಿ ಎದುರು 6-0. 2017ರಲ್ಲಿ ಜರ್ಮನಿಯ ಬಯರ್ನ್ ಎದುರು ಅಲ್ಲೊಂದು 5-1 ಇಲ್ಲೊಂದು 5-1, ನಮಗಿಲ್ಲಿ ರಾತ್ರಿ ಒಂದೂಕಾಲಿಗೆ ಶುರು, ಬೆಳಿಗ್ಗೆ ಆಫೀಸ್ ಇಟ್ಕೊಂಡು ಎದ್ದು ಕೂತು ನೋಡಿದ್ವಿ. ಆ ವರ್ಷ ಮಾರ್ಚಲ್ಲೇ ವೆಸ್ಟ್ ಬ್ರಾಮ್ ಗ್ರೌಂಡ್ ಮೇಲೆ ವಿಮಾನ ಹಾರ್ತು, ಬಾಲಕ್ಕೆ ಬ್ಯಾನರ್, ಕಾಂಟ್ರಾಕ್ಟ್ ಕೊಡಬೇಡಿ, ವೆಂಗರ್ ಔಟ್ ಅಂತ. ಸ್ವಲ್ಪ ಹೊತ್ತಿಗೆ ಇನ್ನೊಂದು ವಿಮಾನ, ಅದರಲ್ಲಿ ಆರ್ಸೆನ್ ಮೇಲೆ ನಂಬಿಕೆ ಇದೆ, ಗೌರವ ಕೊಡಿ ಅಂತ. ಕೆಳಗೆ ಟೀಮ್ 3-1ರಲ್ಲಿ ಸೋಲ್ತು. ಫ್ಯಾನ್ಸ್ ಫ್ಯಾನ್ಸೇ ದುಡ್ಡು ಹಾಕಿ ಆಕಾಶದಲ್ಲಿ ಕಿತ್ತಾಡ್ತಿದ್ರೆ ಕ್ಲಬ್ ನಡೆಸೋರು ಏನ್ ಮಾಡ್ತಿದ್ರು? ಕಾಂಟ್ರಾಕ್ಟ್ ಇದೆಯೋ ಇಲ್ವೋ ಅಂತ ಆ ಸೀಸನ್ ಪೂರ್ತಿ ಒಂದು ಮಾತಿಲ್ಲ. ಲೀಗಲ್ಲಿ ಐದನೇ ಸ್ಥಾನಕ್ಕೆ ಇಳಿದ್ರು, ಆದ್ರೆ ಚೆಲ್ಸಿಯನ್ನ ಸೋಲ್ಸಿ ಎಫ್‌ಎ ಕಪ್ ಗೆದ್ರು, ಅದು ಅವರ ಏಳನೇದು, ಅದಾದ ನಾಲ್ಕೇ ದಿನಕ್ಕೆ ಎರಡು ವರ್ಷದ ಕಾಂಟ್ರಾಕ್ಟ್ ಕೊಟ್ರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರೂ ಇಲ್ಲ ಅಂತ ಒಂದು ಕಪ್ ತೋರ್ಸಿ ವಿಷಯ ಮುಂದೂಡಿದ್ರು, ಅಷ್ಟೇ.

ಮುಂದೂಡಿದ್ದರ ಫಲ 2018ರ ಮಾರ್ಚ್ 1ಕ್ಕೆ ಕಾಣಿಸ್ತು. ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲಲ್ಲಿ ಸಿಟಿ ಎದುರು 3-0 ಸೋತು ನಾಲ್ಕೇ ದಿನ ಆಗಿತ್ತು, ಅದೇ ಸಿಟಿ ಈಗ ಆರ್ಸೆನಲ್ ಮನೆಗೇ ಬಂತು, ಹೊರಗೆ ಹಿಮ, ಒಳಗೆ ಸಾಲು ಸಾಲು ಕೆಂಪು ಸೀಟು ಖಾಲಿ. 33 ನಿಮಿಷಕ್ಕೆ ಮೂರು ಗೋಲು ಬಿತ್ತು. ಬೈಯೋಕಾದ್ರೂ ಜನ ಬರ್ತಿದ್ರೆ ಒಂಥರಾ, ಬರೋದೇ ಬೇಡ ಅಂತ ಬಿಟ್ಟಿದ್ರು. ನಂಗೆ 8-2ಕ್ಕಿಂತ ಜಾಸ್ತಿ ನೋವಾಗಿದ್ದು ಆವತ್ತು, ಯಾಕಂದ್ರೆ ಅವರ ಹೆಸರಲ್ಲಿ ಸಾಲ ತಗೊಂಡು ಕಟ್ಟಿದ ಸ್ಟೇಡಿಯಂ ಅದು. ಏಪ್ರಿಲ್ 20ಕ್ಕೆ ಹೋಗ್ತೀನಿ ಅಂದ್ರು, ಎರಡು ದಿನ ಬಿಟ್ಟು ಟೈಮಿಂಗ್ ನನ್ನ ನಿರ್ಧಾರ ಅಲ್ಲ ಅಂತಲೂ ಅಂದ್ರು. ಅಂದ್ರೆ ಕೊನೆಗೂ ತೆಗೆದೇ ತೆಗೆದ್ರು ಮಂಜು, ಅದೂ ಕಾಂಟ್ರಾಕ್ಟ್ ಒಂದು ವರ್ಷ ಬಾಕಿ ಇರುವಾಗ. ಆಮೇಲೆ ಬರ್ನ್ಲಿ ಮ್ಯಾಚಲ್ಲಿ ಮೆರ್ಸಿ ಆರ್ಸೆನ್, ಅಂದ್ರೆ ಥ್ಯಾಂಕ್ಸ್ ಆರ್ಸೆನ್ ಅನ್ನೋ ಟೀ ಶರ್ಟು, ಚಪ್ಪಾಳೆ, 5-0 ಗೆಲುವು, 22 ವರ್ಷಕ್ಕೆ ಒಂದು ಮಧ್ಯಾಹ್ನದ ಪ್ರೀತಿ.

ನೀನು ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದ ಫರ್ಗುಸನ್ ಹೆಸರು ತೆಗೀತೀಯ ಅಂತ ಗೊತ್ತು. 1989ರಲ್ಲಿ ಅವರನ್ನ ತೆಗೀರಿ ಅಂತ ಬ್ಯಾನರ್ ಹಿಡಿದಿದ್ರು, ತಾಳ್ಮೆ ಇತ್ತು, 1990ರಲ್ಲಿ ಕಪ್ ಬಂತು, ಆಮೇಲೆಲ್ಲಾ ಇತಿಹಾಸ. ಸರಿ, ಆದ್ರೆ ಅದು ಇನ್ನೂ ಕಟ್ತಾ ಇರೋನಿಗೆ ಟೈಮ್ ಕೊಟ್ಟಿದ್ದು. ಎಲ್ಲಾ ಗೆದ್ದು ದಣಿದೋರನ್ನ ಅವರ ಪಾಡಿಗೆ ಬಿಡೋದು ಬೇರೆ. ಅದಕ್ಕೆ ಬ್ರಯನ್ ಕ್ಲಫ್ ಕತೆ ನೋಡು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಅನ್ನೋ ಸಣ್ಣ ಕ್ಲಬ್ಬಿಗೆ 1979, 1980 ಎರಡು ಸಲ ಯುರೋಪಿಯನ್ ಕಪ್ ತಂದುಕೊಟ್ಟ ಮನುಷ್ಯ, 18 ವರ್ಷ ಇದ್ರು, ಕೊನೆಗೆ ಆರೋಗ್ಯ ಕೆಟ್ಟಿದ್ದು ಎಲ್ಲರ ಕಣ್ಣಿಗೂ ಕಾಣ್ತಿತ್ತು, ಶೆರಿಂಗಮ್‌ನ ಮಾರಿ ಅವನ ಜಾಗಕ್ಕೆ ಸರಿಯಾದವನನ್ನ ತರ್ಲಿಲ್ಲ, ಆದ್ರೂ ಕ್ಲಫ್‌ಗೆ ಹೇಳೋದು ಹೇಗೆ ಅಂತ ಸುಮ್ನಿದ್ರು. 1993ರಲ್ಲಿ ಕಟ್ಟಕಡೆಯ ಸ್ಥಾನದಲ್ಲಿ ಟೀಮ್ ಕೆಳಗಿನ ಡಿವಿಷನ್‌ಗೆ ಬಿತ್ತು, ಅವರ ಕೊನೆಯ ಸೀಸನ್ ಆಗಿದ್ದು ಅದು. ಇದನ್ನ ಗೌರವ ಅಂತ ಹೇಗೆ ಕರೀಲಿ?

2015ರಲ್ಲಿ ಸತತ ಎರಡನೇ ಎಫ್‌ಎ ಕಪ್ ಗೆದ್ದಾಗ, ಸಾಲದ ಭಾರವೂ ಇಳಿದು ಓಜಿಲ್, ಸಾಂಚೆಜ್ ಥರದ ದೊಡ್ಡ ಆಟಗಾರರು ಬಂದಿದ್ದಾಗ, ಯಾರಾದ್ರೂ ಅವರ ರೂಮಿಗೆ ಹೋಗಿ ಸರ್, ಇನ್ನೊಂದು ವರ್ಷ ನೀವೇ ನಡೆಸಿ, ಆಮೇಲೆ ಬರೋನನ್ನ ನೀವೇ ಆರ್ಸಿ, ಹುಡುಗರ ಅಕಾಡೆಮಿ, ಆಟಗಾರರ ಆಯ್ಕೆ ನೀವು ನೋಡ್ಕೊಳ್ಳಿ ಅಂತ ಕೇಳಬೇಕಿತ್ತು. ಅವರು ಬೇಡ ಅಂದಿರಬಹುದು, ಹಟದ ಮನುಷ್ಯ. ಆದ್ರೆ ಕೇಳೋದು ಕ್ಲಬ್ಬಿನ ಕೆಲಸ. ಬಿಟ್ಟು ಹೋದ ಮೇಲೆ 2022ರ ಡಿಸೆಂಬರ್‌ವರೆಗೂ ಅವರು ಆ ಸ್ಟೇಡಿಯಂಗೆ ಕಾಲಿಡ್ಲಿಲ್ಲ. ಮರುವರ್ಷ ಪ್ರತಿಮೆ ನಿಲ್ಲಿಸಿದ್ರು. ಅದೇ ವರ್ಷ ನವೆಂಬರಲ್ಲಿ ವೆಂಗರ್ ಭುವನೇಶ್ವರದಲ್ಲಿದ್ರು, ಫಿಫಾ ಪರವಾಗಿ ನಮ್ಮ ಹುಡುಗರ ಅಕಾಡೆಮಿ ಶುರು ಮಾಡೋಕೆ ಬಂದಿದ್ರು, 74 ವಯಸ್ಸಲ್ಲಿ. ಹೇಳ್ಕೊಡೋದು ಅವರಲ್ಲಿ ಇನ್ನೂ ಎಷ್ಟಿತ್ತು ನೋಡು, ಲಂಡನ್‌ಗೆ ಅದು ಬೇಕು ಅನ್ನಿಸ್ಲಿಲ್ಲ.

ನಿನ್ನ ವಾದ ಬರಿ, ಬೈದಾದ್ರೂ ಬರಿ, ಆದ್ರೆ ಫರ್ಗುಸನ್ ಬಿಟ್ಟು ಬೇರೆ ಯಾರನ್ನಾದ್ರೂ ತಗೊಂಡು ಬಾ. ಅಮ್ಮಂಗೆ ನಮಸ್ಕಾರ ಹೇಳು.

ನಿನ್ನ,
ಶ್ರೀಧರ