ಕರು ಹಾಕಿರೋ ಹಸ ಇರೋರು ನೋಡಿ

ನಮ್ಮ ಹಸ ಈದು 5ನೇ ದಿನಕ್ಕೆ ಒಂದ್ಕಡೆ ಕೆಚ್ಚಲು ಕಲ್ಲಾಗೋಯ್ತು, ಹಾಲಲ್ಲಿ ಮೊಸರಿನ ಥರ ಗಡ್ಡೆ. ಅಮ್ಮ ದೃಷ್ಟಿ ಅಂತ ಮೆಣಸಿನಕಾಯಿ ನಿವಾಳಿಸಿದ್ರು. ಅದಲ್ಲ ಕಣ್ರಪ್ಪ, ಇದು ಬ್ಯಾಕ್ಟೀರಿಯಾದಿಂದ ಬರೋ ಕೆಚ್ಚಲು ಬಾವು. ಈಯೋಕೆ 2-3 ವಾರ ಮುಂಚಿಂದ ಈದು 3 ವಾರದವರೆಗೂ ರೋಗ ತಡೆಯೋ ಶಕ್ತಿನೇ ಕಮ್ಮಿ ಇರುತ್ತೆ, ಮೇವು ಸರಿಯಾಗಿ ತಿನ್ನಲ್ಲ, ಕ್ಯಾಲ್ಸಿಯಂ ಎಲ್ಲಾ ಹಾಲಿಗೆ ಹೋಗುತ್ತೆ, ರಕ್ತದ ಬಿಳಿಕಣಗಳು ಬ್ಯಾಕ್ಟೀರಿಯಾ ಮೇಲೆ ಬೀಳೋದ್ರಲ್ಲಿ ಸೋಮಾರಿ ಆಗ್ತವೆ.

ಬ್ಯಾಕ್ಟೀರಿಯಾ ಒಳಗೆ ಹೋಗೋದು ತೊಟ್ಟಿನ ತೂತಿಂದ. ಕರೆದ ಮೇಲೆ ಅದು ಮುಚ್ಕೊಳಕ್ಕೆ ಅರ್ಧ ಗಂಟೆ ಮೇಲೇ ಬೇಕು, ಅಲ್ಲೀತನಕ ಸಗಣಿ ಗಂಜಲದಲ್ಲಿ ಮಲಗಕ್ಕೆ ಬಿಡ್ಬೇಡಿ, ತೊಟ್ಟನ್ನ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ ನಿಲ್ಸಿ. ದಿನಾ ಮೊದಲ ಎರಡು ಧಾರೆ ಕಪ್ಪು ಬಟ್ಟೆ ಮೇಲೆ ಕರೆದು ಗಡ್ಡೆ ಇದ್ಯಾ ನೋಡಿ, ನೆಲಕ್ಕೆ ಕರೀಬೇಡಿ. ಆಂಟಿಬಯೋಟಿಕ್ ಕೊಡ್ಸಿದ್ರೆ ಡಾಕ್ಟ್ರು ಹೇಳಿದಷ್ಟು ದಿನ ಹಾಲು ಡೈರಿಗೆ ಹಾಕ್ಬೇಡಿ, ಕರುಗೂ ಕುಡಿಸ್ಬೇಡಿ.